ಹದಿಮೂರು ವರ್ಷ ಬಾಳಿದ ಪ್ರಾಂತ

ಜಪಾನಿನ ಉತ್ತರದ ತುದಿಗಿರುವ ಹೊಕ್ಕೈಡೊ ದ್ವೀಪದಿಂದ ಹೊರಟು ರಷ್ಯದ ಕಂಚಾಟ್ಕ ಪರ್ಯಾಯದ್ವೀಪವನ್ನು ಮುಟ್ಟುವವರೆಗೆ, ಸುಮಾರು ೭೫೦ ಮೈಲಿಗಳ ಉದ್ದಕ್ಕೆ, ಸಮುದ್ರದಲ್ಲಿ ದ್ವೀಪಗಳ ಒಂದು ಸಾಲು ಹಬ್ಬಿಕೊಂಡಿದೆ. ದಾರ ಕಡಿದು ಚೆಲ್ಲಿದ ಮಣಿಗಳಂತೆ ಕೆಲವು ದೊಡ್ಡವು, ಕೆಲವು ಚಿಕ್ಕವು. ಇನ್ನು ಕೆಲವು ಕಡಲಹಕ್ಕಿಗಳು ಕುಳಿತೇಳುವ ಬರಿಯ ಬಂಡೆಗಳು. ಭೂಪಟದಲ್ಲಿ ಇವಕ್ಕೆ ಕುರಿಲ್ ದ್ವೀಪಗಳೆಂದು ಹೆಸರು. ಜಪಾನೀಯರು ಇವನ್ನು ‘ಚಿಶಿಮಾ’ ಎನ್ನುತ್ತಾರೆ. ‘ಚಿ’ ಎಂದರೆ ಸಾವಿರ, ‘ಶಿಮಾ’ ಎಂದರೆ ದ್ವೀಪ. ಎಣಿಸಿದರೆ ಸಾವಿರ ಸಿಕ್ಕುವುದಿಲ್ಲ. ಆದರೂ ಕಾವಳ ಮುಸುಕಿದ ಆ ಕಡಲಿನಲ್ಲಿ ಒಂದರ ಹಿಂದೆ ಒಂದು ತಲೆಯೆತ್ತುವ ದ್ವೀಪಗಳನ್ನು ಕಂಡ ನಾವಿಕನಿಗೆ ಸಾವಿರವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಈ ಹೆಸರಿನ ಒಂದು ಪ್ರಾಂತ ಒಂದು ಕಾಲಕ್ಕೆ ಜಪಾನಿನಲ್ಲಿತ್ತು. ಅದು ಹುಟ್ಟಿದ್ದು ೧೮೬೯ರಲ್ಲಿ. ಆಡಳಿತದ ಲೆಕ್ಕದಿಂದ ಮರೆಯಾದದ್ದು ೧೮೮೨ರಲ್ಲಿ. ಹದಿಮೂರೇ ವರ್ಷಗಳ ಆಯುಷ್ಯ! ಒಂದು ಮಗು ಹುಟ್ಟಿ ಶಾಲೆಯ ಮೆಟ್ಟಿಲು ಹತ್ತಿ ಇಳಿಯುವಷ್ಟು ಕಾಲ. ಇಷ್ಟು ಅಲ್ಪಾಯುವಾದ ಪ್ರಾಂತದ ಕಥೆಯನ್ನು ನಾವೇಕೆ ಕೇಳಬೇಕು? ಆ ಪ್ರಾಂತ ಹೋದರೂ ಅದರ ಹೆಸರಿನ ವ್ಯಾಜ್ಯ ಇಂದಿಗೂ ಎರಡು ದೇಶಗಳ ನಡುವೆ ಉಳಿದಿದೆ. ಅದಕ್ಕಿಂತ ಹೆಚ್ಚಾಗಿ, ಆ ನೆಲವನ್ನು ತಮ್ಮ ಮನೆಯೆಂದು ತಿಳಿದಿದ್ದ ಜನರು ಈ ಲೆಕ್ಕಾಚಾರದಲ್ಲಿ ಎಲ್ಲಿ ಹೋದರು ಎಂಬುದನ್ನು ಕೇಳುವವರು ಕಡಿಮೆ. ಅದಕ್ಕಾಗಿ ಈ ಲೇಖನ.

ಕಾವಳದ ನಾಡು, ಅಲ್ಲಿನ ಜನ

ಚಿಶಿಮಾ ಬೆಂಕಿಯ ಬೆಟ್ಟಗಳ ನಾಡು. ಸಾಲಿನ ದ್ವೀಪಗಳೆಲ್ಲ ಹೆಚ್ಚುಕಡಿಮೆ ಜ್ವಾಲಾಮುಖಿಗಳ ಸೃಷ್ಟಿ. ಅವುಗಳಲ್ಲಿ ಅನೇಕವು ಇಂದಿಗೂ ಆರಿಲ್ಲ. ಕುನಾಶಿರಿ ದ್ವೀಪದ ಉತ್ತರ ಕೊನೆಯಲ್ಲಿ ೧,೮೦೦ ಮೀಟರಿಗೂ ಮಿಕ್ಕ ಎತ್ತರದ ಚಾಚಾ ಪರ್ವತವಿದೆ. ‘ಚಾಚಾ’ ಎಂದರೆ ಅಲ್ಲಿನವರ ಮಾತಿನಲ್ಲಿ ಮುದುಕ, ಹಿರಿಯ. ಈ ಅಜ್ಜ ೧೯೭೩ರಲ್ಲಿ ಎಚ್ಚತ್ತು ಬೂದಿಯನ್ನುಗುಳಿದ್ದುಂಟು. ಬೇಸಗೆಯಲ್ಲಿ ವಾರಗಟ್ಟಲೆ ಕಾವಳ ಕವಿಯುತ್ತದೆ. ಚಳಿಗಾಲದಲ್ಲಿ ಓಖೋತ್ಸ್ಕ್ ಸಮುದ್ರದಿಂದ ಹಿಮದ ಗಡ್ಡೆಗಳು ತೇಲಿಬಂದು ದಡವನ್ನು ಮುತ್ತುತ್ತವೆ. ಭತ್ತ ಬೆಳೆಯುವ ಮಾತೇ ಇಲ್ಲ. ಆದರೆ ಕಡಲು ಮಾತ್ರ ಅಕ್ಷಯಪಾತ್ರೆ. ಸಾಲ್ಮನ್ ಮೀನು, ಏಡಿ, ಅಡುಗೆಗೆ ಒದಗುವ ಕಡಲಪಾಚಿ, ತುಪ್ಪುಳಿಗೆ ಹೆಸರಾದ ಕಡಲ ನೀರುನಾಯಿ, ಸೀಲ್ ಪ್ರಾಣಿ, ಇವೆಲ್ಲ ಅಲ್ಲಿ ಹೇರಳವಾಗಿದ್ದವು.

ಈ ನೆಲದ ಮೂಲನಿವಾಸಿಗಳು ಐನು ಜನ. ‘ಐನು’ ಎಂಬ ಪದಕ್ಕೆ ಅವರ ಭಾಷೆಯಲ್ಲಿ ಮನುಷ್ಯನೆಂದೇ ಅರ್ಥ. ಹೊಕ್ಕೈಡೊ, ಸಖಾಲಿನ್, ಕುರಿಲ್ ಮೂರೂ ಕಡೆಗಳಲ್ಲಿ ಹರಡಿದ್ದ ಇವರ ಭಾಷೆಗೆ ಜಪಾನೀ ಭಾಷೆಯೊಡನೆ ನಂಟಿಲ್ಲ. ಅವರದು ಬೇಟೆ, ಮೀನುಗಾರಿಕೆ, ಕಾಡಿನ ಗೆಡ್ಡೆಗೆಣಸುಗಳ ಬದುಕು. ಕರಡಿಯೂ ಬೆಂಕಿಯೂ ಅವರಿಗೆ ದೇವರು. ಬರೆಯುವ ಲಿಪಿಯಿಲ್ಲದಿದ್ದರೂ ರಾತ್ರಿಯೆಲ್ಲ ಹಾಡಿದರೂ ಮುಗಿಯದಷ್ಟು ಕಥನಗೀತಗಳು ಅವರ ಬಾಯಲ್ಲಿದ್ದವು. ಉತ್ತರದ ಕೊನೆಯ ಶುಮುಶು ದ್ವೀಪದ ಕಡೆಯ ಐನುಗಳು ಹದಿನೆಂಟನೆಯ ಶತಮಾನದಲ್ಲಿ ರಷ್ಯದ ತುಪ್ಪುಳು ವ್ಯಾಪಾರಿಗಳ ಸಂಪರ್ಕಕ್ಕೆ ಬಂದರು. ಅವರಿಗೆ ತೆರಿಗೆ ತೆತ್ತರು. ಆರ್ಥೊಡಾಕ್ಸ್ ಕ್ರೈಸ್ತ ಮತವನ್ನು ಸ್ವೀಕರಿಸಿ ರಷ್ಯನ್ ಹೆಸರುಗಳನ್ನಿಟ್ಟುಕೊಂಡರು. ದಕ್ಷಿಣದ ಕುನಾಶಿರಿ, ಎತೊರೊಫು ದ್ವೀಪಗಳ ಐನುಗಳಾದರೋ ಜಪಾನೀ ವರ್ತಕರ ಕೈಗೆ ಸಿಕ್ಕರು. ಹೀಗೆ ಒಂದೇ ಜನ ಎರಡು ದೊಡ್ಡ ರಾಜ್ಯಗಳ ನೆರಳಿಗೆ ಬಿದ್ದು ಇಬ್ಭಾಗವಾಯಿತು.

ವರ್ತಕರ ಕೈಗೆ ಸಿಕ್ಕುವುದೆಂದರೇನೆಂಬುದು ೧೭೮೯ರಲ್ಲಿ ಹೊರಬಿತ್ತು. ಕುನಾಶಿರಿಯಲ್ಲೂ ಅದರ ಎದುರುದಡದ ಮೆನಾಶಿ ಸೀಮೆಯಲ್ಲೂ ಮೀನುಗಾರಿಕೆಯ ಗುತ್ತಿಗೆ ಹಿಡಿದಿದ್ದ ವರ್ತಕರು ಐನುಗಳನ್ನು ಹೊಟ್ಟೆಗೆ ಸಾಲದ ಕೂಲಿಗೆ ಬಲವಂತವಾಗಿ ದುಡಿಸುತ್ತಿದ್ದರು. ತಾಳ್ಮೆ ಮೀರಿದ ಐನು ಯುವಕರು ತಿರುಗಿಬಿದ್ದು ೭೧ ಜಪಾನೀಯರನ್ನು ಕೊಂದರು. ತಮ್ಮ ಹಿರಿಯರ ಮಾತಿಗೆ ಕಟ್ಟುಬಿದ್ದು ಅವರು ಆಯುಧ ಕೆಳಗಿಟ್ಟ ಬಳಿಕ, ಮಾತ್ಸುಮಾಯೆ ಸಂಸ್ಥಾನದ ಸೈನಿಕರು ೩೭ ಮಂದಿ ಐನುಗಳ ತಲೆ ಕಡಿದರು.

ಕಂಬ ನೆಟ್ಟವರು, ಸೆರೆ ಸಿಕ್ಕವರು

ಇಷ್ಟಾಗುವ ಹೊತ್ತಿಗೆ ರಷ್ಯದವರು ಉತ್ತರದಿಂದ ದ್ವೀಪದಿಂದ ದ್ವೀಪಕ್ಕೆ ಇಳಿದುಬರುತ್ತಿದ್ದರು. ಟೋಕಿಯೋ ನಗರಕ್ಕೆ ಆಗ ಎಡೊ ಎಂದು ಹೆಸರು. ಅಲ್ಲಿ ತೊಕುಗಾವಾ ಮನೆತನದ ಶೋಗುನರ ಆಳಿಕೆ. ಅವರು ಎಚ್ಚತ್ತರು. ೧೭೯೮ರಲ್ಲಿ ಕೊಂಡೊ ಜೂಜೊ ಎಂಬ ಅಧಿಕಾರಿ ಎತೊರೊಫು ದ್ವೀಪಕ್ಕೆ ಹೋಗಿ ಇದು ಜಪಾನಿನ ನೆಲವೆಂದು ಬರೆದ ಕಂಬವನ್ನು ನೆಟ್ಟುಬಂದ. ಮರುವರ್ಷ ತಾಕಾದಾಯಾ ಕಾಹೇಯಿ ಎಂಬ ಸಾಹಸಿ ಹಡಗು ವ್ಯಾಪಾರಿ, ಸುಳಿಗಳಿಂದ ತುಂಬಿದ ಜಲಸಂಧಿಯಲ್ಲಿ ಎತೊರೊಫುವಿಗೆ ಸುರಕ್ಷಿತವಾದ ದಾರಿಯನ್ನು ಕಂಡುಹಿಡಿದು, ಅಲ್ಲಿ ಮೀನುಗಾರಿಕೆಯ ಠಾಣ್ಯಗಳನ್ನು ತೆರೆದ.

ಮುಂದೆ ಈ ಕಾಹೇಯಿಯ ಬಾಳಿನಲ್ಲಿ ನಡೆದ ಸಂಗತಿ ಕಾದಂಬರಿಯನ್ನು ಮೀರಿಸುವಂಥದು. ೧೮೧೧ರಲ್ಲಿ ರಷ್ಯದ ನೌಕಾಧಿಕಾರಿ ಗೊಲೋವ್ನಿನ್ ಸಮುದ್ರದ ಅಳತೆ ಮಾಡುತ್ತ ಕುನಾಶಿರಿಯಲ್ಲಿ ದಡಕ್ಕಿಳಿದಾಗ ಜಪಾನೀಯರು ಅವನನ್ನು ಹಿಡಿದು ಸೆರೆಗೆ ಹಾಕಿದರು. ಮರುವರ್ಷ ಅವನ ಜೊತೆಗಾರ ರಿಕೋರ್ಡ್, ಅದೇ ಕಡಲಿನಲ್ಲಿ ಬರುತ್ತಿದ್ದ ಕಾಹೇಯಿಯನ್ನು ಹಿಡಿದು ಕಂಚಾಟ್ಕಕ್ಕೆ ಒಯ್ದ. ಅಲ್ಲಿ ಚಳಿಗಾಲ ಕಳೆಯುತ್ತ ಸೆರೆಯಾಳೂ ಸೆರೆಹಿಡಿದವನೂ ಒಬ್ಬರ ಮಾತನ್ನೊಬ್ಬರು ಕಲಿತರು, ಸ್ನೇಹಿತರಾದರು. ಕೊನೆಗೆ ಕಾಹೇಯಿಯೇ ನಡುವೆ ನಿಂತು ಸಂಧಾನ ನಡೆಸಿ ೧೮೧೩ರಲ್ಲಿ ಗೊಲೋವ್ನಿನನನ್ನು ಬಿಡಿಸಿಕೊಟ್ಟ. ದೊರೆಗಳು ಸೆರೆಮನೆಯ ಬಾಗಿಲು ಹಾಕಿಕೊಂಡಿದ್ದಾಗ ಒಬ್ಬ ವ್ಯಾಪಾರಿಯೂ ಒಬ್ಬ ನಾವಿಕನೂ ಅದನ್ನು ತೆರೆದರೆನ್ನಬೇಕು.

ಎರಡು ರಾಜ್ಯಗಳ ನಡುವೆ ಗಡಿಯೆಂಬುದು ಮೊದಲಿಗೆ ಕಾಗದದ ಮೇಲೆ ಬಂದದ್ದು ೧೮೫೫ರ ಫೆಬ್ರವರಿ ೭ರಂದು, ಶಿಮೊದಾ ಎಂಬಲ್ಲಿ ಆದ ಒಪ್ಪಂದದಿಂದ. ಎತೊರೊಫು ಮತ್ತು ಅದರಿಂದ ದಕ್ಷಿಣಕ್ಕಿರುವುದು ಜಪಾನಿಗೆ. ಉರುಪ್ಪು ಮತ್ತು ಅದರಿಂದ ಉತ್ತರಕ್ಕಿರುವುದು ರಷ್ಯಕ್ಕೆ. ದೊಡ್ಡ ದ್ವೀಪವಾದ ಸಖಾಲಿನ್ ಮಾತ್ರ ಇಬ್ಬರಿಗೂ ಸಾಮಾನ್ಯ. ಅಣ್ಣತಮ್ಮಂದಿರು ಪಾಲಾಗುವಾಗ ಒಂದು ಕೋಣೆಯನ್ನು ಇಬ್ಬರಿಗೂ ಬಿಟ್ಟರೆ ಮುಂದೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಹೆಸರಿಟ್ಟ ಮಾತ್ಸುರಾ

೧೮೬೮ರಲ್ಲಿ ಶೋಗುನರ ಆಳಿಕೆ ಕೊನೆಗಂಡು ಮೇಯಿಜಿ ಚಕ್ರವರ್ತಿಯ ಹೊಸ ಸರಕಾರ ಬಂದಿತು. ಮರುವರ್ಷವೇ ಅದು ಉತ್ತರದ ಕಡೆಗೆ ಕಣ್ಣು ಹಾಯಿಸಿತು. ಅಲ್ಲಿಯವರೆಗೆ ‘ಎಜೊ’ ಎಂದು ಕರೆಸಿಕೊಳ್ಳುತ್ತಿದ್ದ ಆ ಸೀಮೆಗೆ ಹೊಸ ಹೆಸರು ಬೇಕು, ಹೊಸ ವಿಭಾಗಗಳು ಬೇಕು. ಈ ಕೆಲಸಕ್ಕೆ ತಕ್ಕವನೆಂದು ಆರಿಸಲ್ಪಟ್ಟವನು ಮಾತ್ಸುರಾ ತಾಕೆಶಿರೊ. ೧೮೧೮ರಲ್ಲಿ ಇಸೆ ಪ್ರಾಂತದಲ್ಲಿ ಹುಟ್ಟಿದ ಈತ ಕಾಲಿಗೆ ಚಕ್ರ ಕಟ್ಟಿಕೊಂಡವನು. ೧೮೪೫ರಿಂದ ೧೮೫೮ರ ನಡುವೆ ಆರು ಸಲ ಎಜೊ ಸೀಮೆಯನ್ನು ಸುತ್ತಿ, ಐನುಗಳ ಜೊತೆಯಲ್ಲಿ ನಡೆದು, ಅವರ ಗುಡಿಸಲುಗಳಲ್ಲಿ ಮಲಗಿ, ಅವರ ಭಾಷೆ ಕಲಿತವನು. ೧೮೪೯ರ ಪಯಣದಲ್ಲಿ ಕುನಾಶಿರಿ, ಎತೊರೊಫುಗಳನ್ನೂ ಕಂಡಿದ್ದ. ಹಳ್ಳಗಳು, ಬೆಟ್ಟಗಳು, ಕೊಲ್ಲಿಗಳು ಎಲ್ಲವುಗಳ ಐನು ಹೆಸರುಗಳನ್ನು ಕೇಳಿ ಬರೆದುಕೊಂಡು ಭೂಪಟಗಳನ್ನು ರಚಿಸಿದ್ದ.

ಆ ಸೀಮೆಗೆ ಮಾತ್ಸುರಾ ಸೂಚಿಸಿದ ಹೆಸರುಗಳಲ್ಲೊಂದು ‘ಹೊಕ್ಕಾಯ್‌ಡೊ’. ಅದರ ನಡುವಿನ ‘ಕಾಯ್’ ಎಂಬುದು, ಈ ನೆಲದಲ್ಲಿ ಹುಟ್ಟಿದವರು ತಮ್ಮನ್ನು ಕರೆದುಕೊಳ್ಳುವ ಮಾತೆಂದು ಐನು ಹಿರಿಯನೊಬ್ಬನಿಂದ ಅವನು ಕೇಳಿ ತಿಳಿದಿದ್ದ. ಸರಕಾರ ಹೆಸರನ್ನು ಒಪ್ಪಿತು. ಆದರೆ ಬರೆಯುವಾಗ ‘ಕಾಯ್’ ಎಂಬ ಉಚ್ಚಾರವೇ ಉಳ್ಳ, ಕಡಲೆಂಬ ಅರ್ಥದ ಅಕ್ಷರವನ್ನು ಹಾಕಿತು. ‘ಉತ್ತರದ ಈ ನೆಲದವರ ಸೀಮೆ’ ಎಂದಾಗಬೇಕಾಗಿದ್ದುದು ‘ಉತ್ತರ ಕಡಲಿನ ಸೀಮೆ’ ಆಯಿತು. ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂದು ಅಕ್ಷರ ಬದಲಾದಾಗ ಒಂದು ಜನವೇ ಹೆಸರಿನಿಂದ ಬಿಟ್ಟುಹೋಯಿತು.

ಹಳೆಯ ಜಪಾನಿನಲ್ಲಿ ಪ್ರಾಂತಕ್ಕೆ ‘ಕುನಿ’ ಎನ್ನುತ್ತಿದ್ದರು, ಅಂದರೆ ನಾಡು. ಸಾವಿರ ವರ್ಷಗಳಿಂದ ಬಂದ ಲೆಕ್ಕದಂತೆ ೬೬ ಪ್ರಾಂತಗಳು, ಅವುಗಳ ಜೊತೆಗೆ ಎರಡು ದ್ವೀಪಗಳು. ಅಲ್ಪಾಯುವಾದ ಪ್ರಾಂತಗಳು ಹಿಂದೆಯೂ ಇರಲಿಲ್ಲವೆಂದಲ್ಲ. ಎಂಟನೆಯ ಶತಮಾನದಲ್ಲಿ ಸುವಾ ಎಂಬ ಪ್ರಾಂತ ೭೨೧ರಲ್ಲಿ ಹುಟ್ಟಿ ೭೩೧ರಲ್ಲಿ ಮತ್ತೆ ತಾಯಿಪ್ರಾಂತವಾದ ಶಿನಾನೊದಲ್ಲಿ ಸೇರಿಹೋಗಿತ್ತು. ಈಗ ಹೊಸ ಸರಕಾರ ಅದೇ ಪುರಾತನ ಪದ್ಧತಿಯನ್ನು ಉತ್ತರಕ್ಕೂ ವಿಸ್ತರಿಸಿ, ಹೊಕ್ಕೈಡೊ ಸೀಮೆಯನ್ನು ೧೧ ಪ್ರಾಂತಗಳಾಗಿಯೂ ೮೬ ಜಿಲ್ಲೆಗಳಾಗಿಯೂ ವಿಂಗಡಿಸಿತು. ಹನ್ನೊಂದನೆಯದೇ ಚಿಶಿಮಾ. ಅದರಲ್ಲಿ ಎರಡೇ ದ್ವೀಪಗಳು, ಕುನಾಶಿರಿ ಮತ್ತು ಎತೊರೊಫು, ಜಿಲ್ಲೆಗಳು ಐದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದರಿಂದ ಕೆಲಸವಿದೆ.

ಹೆಸರಿಟ್ಟವನ ಗತಿಯೇನಾಯಿತು? ಐನುಗಳನ್ನು ಹಿಂಡುತ್ತಿದ್ದ ಗುತ್ತಿಗೆದಾರ ವರ್ತಕರನ್ನು ಹೊಸ ಸರಕಾರ ಹದ್ದಿಗೆ ತರುವುದೆಂದು ಮಾತ್ಸುರಾ ನಂಬಿದ್ದ. ಹಾಗಾಗಲಿಲ್ಲ. ೧೮೭೦ರಲ್ಲಿ ಅವನು ಹುದ್ದೆಗೆ ರಾಜೀನಾಮೆಯಿತ್ತು, ತನಗೆ ಸಂದಿದ್ದ ಪದವಿಯನ್ನೂ ಹಿಂದಿರುಗಿಸಿಬಿಟ್ಟ. ಮತ್ತೆ ಆ ಸೀಮೆಯ ಆಡಳಿತಕ್ಕೆ ಕೈಹಾಕಲಿಲ್ಲ. ಮುಪ್ಪಿನಲ್ಲಿ, ದೇಶದ ನಾನಾ ಕಡೆಯ ಹಳೆಯ ಗುಡಿಗಳಿಂದ ಮರದ ತುಂಡುಗಳನ್ನು ತರಿಸಿ, ಒಂದೇ ಚಾಪೆಯಗಲದ ಕೋಣೆಯನ್ನು ಕಟ್ಟಿಸಿಕೊಂಡು ೧೮೮೮ರಲ್ಲಿ ತೀರಿಕೊಂಡ. ಆ ಕೋಣೆ ಟೋಕಿಯೋದಲ್ಲಿ ಇಂದಿಗೂ ಇದೆ.

೪೩೭ ಜನರ ಪ್ರಾಂತ

ಪ್ರಾಂತವೇನೋ ಆಯಿತು; ಜನರೆಲ್ಲಿ? ಕುನಾಶಿರಿಯೂ ಎತೊರೊಫುವೂ ಕೂಡಿ ಸುಮಾರು ೪,೬೫೦ ಚದರ ಕಿಲೋಮೀಟರು, ಎಂದರೆ ನಮ್ಮ ಕೊಡಗು ಜಿಲ್ಲೆಗಿಂತ ತುಸು ಹೆಚ್ಚು. ೧೮೭೨ರ ಜನಗಣತಿಯಲ್ಲಿ ಇಡೀ ಪ್ರಾಂತದಲ್ಲಿ ಸಿಕ್ಕಿದ ತಲೆಗಳು ೪೩೭! ಅಷ್ಟಕ್ಕೆ ಐದು ಜಿಲ್ಲೆಗಳು. ಮೊದಲೆರಡು ವರ್ಷ ಸರಕಾರ ಹೊಕ್ಕೈಡೊವಿನ ನೆಲವನ್ನು ತುಂಡುತುಂಡಾಗಿ ದಕ್ಷಿಣದ ಸಂಸ್ಥಾನಗಳಿಗೆ ಹಂಚಿ, ನೀವೇ ಖರ್ಚು ಹಾಕಿ ಊರ್ಜಿತಗೊಳಿಸಿರಿ ಎಂದಿತು. ತಮ್ಮ ಸಾಲವನ್ನೇ ತೀರಿಸಲಾರದ ಸಂಸ್ಥಾನಗಳು ಈ ಹೊರೆಯನ್ನು ಮನಸ್ಸಿಟ್ಟು ಹೊರುವುದುಂಟೆ? ೧೮೭೧ರಲ್ಲಿ ಸಂಸ್ಥಾನಗಳೇ ರದ್ದಾದುವು, ಹಂಚಿಕೆಯೂ ಮುಗಿಯಿತು. ಆಮೇಲೆ ಎಲ್ಲವೂ ‘ಕೈತಾಕುಶಿ’ ಎಂಬ ಸರಕಾರೀ ಅಭಿವೃದ್ಧಿ ಇಲಾಖೆಯ ಪಾಲಿಗೆ ಬಂದಿತು. ಅದರ ಮುಖ್ಯಸ್ಥ ಕುರೋಡ ಕಿಯೊತಾಕ. ಹತ್ತು ವರ್ಷಗಳಲ್ಲಿ ಒಂದು ಕೋಟಿ ಯೆನ್ ವೆಚ್ಚದ ಯೋಜನೆಯೊಂದು ಸಿದ್ಧವಾಯಿತು. ಅಮೆರಿಕದಿಂದ ತಜ್ಞರು ಬಂದರು. ಸಪ್ಪೊರೊ ನಗರ ಎದ್ದಿತು. ಆದರೆ ಈ ಸಂಪತ್ತಿನ ಹೊಳೆ ಚಿಶಿಮಾದ ಕಾವಳದವರೆಗೆ ಹರಿಯಲಿಲ್ಲ.

ಇತ್ತ ಸಖಾಲಿನ್ ದ್ವೀಪದಲ್ಲಿ ಇಬ್ಬರಿಗೂ ಸೇರಿದ ಕೋಣೆಯ ಜಗಳ ಬಲಿಯುತ್ತಿತ್ತು. ಅಷ್ಟು ದೂರದ ನೆಲಕ್ಕಾಗಿ ರಷ್ಯದೊಡನೆ ಹೋರಾಡುವ ಶಕ್ತಿ ತಮಗಿಲ್ಲ, ಅದನ್ನು ಬಿಟ್ಟು ಹೊಕ್ಕೈಡೊವನ್ನು ಭದ್ರಪಡಿಸಿಕೊಳ್ಳುವುದೇ ಲೇಸು ಎಂದು ಕುರೋಡ ವಾದಿಸಿದ. ಮಾತುಕತೆಗೆ ರಷ್ಯಕ್ಕೆ ಹೋದವನು ಎನೊಮೊಟೊ ತಾಕೆಯಾಕಿ. ವಿಧಿಯ ವೈಚಿತ್ರ್ಯ ನೋಡಿರಿ: ಈ ಎನೊಮೊಟೊ ೧೮೬೮-೬೯ರಲ್ಲಿ ಶೋಗುನರ ನೌಕೆಗಳನ್ನು ಕಟ್ಟಿಕೊಂಡು ಹೊಕ್ಕೈಡೊವಿನಲ್ಲಿ ಹೊಸ ಸರಕಾರದ ವಿರುದ್ಧ ದಂಗೆಯೆದ್ದಿದ್ದವನು. ಅವನನ್ನು ಸೋಲಿಸಿದವನೇ ಕುರೋಡ. ಸೋತವನ ತಲೆ ಉಳಿಯಬೇಕೆಂದು ತನ್ನ ತಲೆ ಬೋಳಿಸಿಕೊಂಡು ಬೇಡಿದವನೂ ಅದೇ ಕುರೋಡ! ೧೮೭೨ರಲ್ಲಿ ಕ್ಷಮೆ ಪಡೆದ ಎನೊಮೊಟೊ ಮೂರು ವರ್ಷಗಳೊಳಗೆ ದೇಶದ ರಾಯಭಾರಿಯಾಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕುಳಿತು, ೧೮೭೫ರ ಮೇ ೭ರಂದು ಒಪ್ಪಂದಕ್ಕೆ ಸಹಿ ಹಾಕಿದ. ಸಖಾಲಿನ್ ಪೂರ್ತಿಯಾಗಿ ರಷ್ಯಕ್ಕೆ. ಬದಲಿಗೆ ಉರುಪ್ಪುವಿನಿಂದ ಶುಮುಶುವರೆಗಿನ ೧೮ ದ್ವೀಪಗಳು ಜಪಾನಿಗೆ.

೧೮೭೬ರಲ್ಲಿ ಈ ಹೊಸ ದ್ವೀಪಗಳನ್ನು ಉರುಪ್ಪು, ಶಿಮುಶಿರು, ಶುಮುಶು ಎಂಬ ಮೂರು ಜಿಲ್ಲೆಗಳಾಗಿ ಚಿಶಿಮಾ ಪ್ರಾಂತಕ್ಕೆ ಸೇರಿಸಿದರು. ಈಗ ಪ್ರಾಂತ ಕಂಚಾಟ್ಕದ ಹೊಸ್ತಿಲಿನವರೆಗೆ ಬೆಳೆದು, ಹೆಸರಿಗೆ ತಕ್ಕಂತೆ ನಿಜಕ್ಕೂ ದ್ವೀಪಗಳ ಸಾಲಾಯಿತು. ಆದರೆ ಆಳುವವರು ಅಲ್ಲಿಗೆ ಹೋಗುವುದೇ ಅಪರೂಪ. ಕಡಲ ನೀರುನಾಯಿಯ ತುಪ್ಪುಳಿಗೆ ಯೂರೋಪಿನಲ್ಲಿ ಚಿನ್ನದ ಬೆಲೆ. ಆದಕಾರಣ ಇಂಗ್ಲಿಷರ, ಅಮೆರಿಕನ್ನರ ಬೇಟೆಹಡಗುಗಳು ಕಾವಳದ ಮರೆಯಲ್ಲಿ ಬಂದು ಕೈಗೆ ಸಿಕ್ಕಿದ್ದನ್ನು ದೋಚಿಕೊಂಡು ಹೋಗುತ್ತಿದ್ದುವು.

ಪ್ರಾಂತದ ಅಂತ್ಯ

ಚಿಶಿಮಾ ಪ್ರಾಂತ ಅಳಿದದ್ದು ಯಾವ ಯುದ್ಧದಿಂದಲೂ ಅಲ್ಲ; ರಾಜಧಾನಿಯ ಒಂದು ಹಗರಣದ ಜೊತೆಗೆ. ೧೮೮೧ರಲ್ಲಿ ಕೈತಾಕುಶಿಯ ಹತ್ತು ವರ್ಷಗಳ ಅವಧಿ ಮುಗಿಯುತ್ತ ಬಂದಿತ್ತು. ಸುಮಾರು ೧ ಕೋಟಿ ೪೦ ಲಕ್ಷ ಯೆನ್ ಸುರಿದು ಕಟ್ಟಿದ್ದ ಕಾರ್ಖಾನೆ, ಗಣಿ, ಹಡಗು ಮುಂತಾದ ಆಸ್ತಿಯನ್ನೆಲ್ಲ ಸುಮಾರು ೩ ಲಕ್ಷ ೯೦ ಸಾವಿರ ಯೆನ್ನಿಗೆ, ಅದೂ ೩೦ ವರ್ಷಗಳ ಬಡ್ಡಿಯಿಲ್ಲದ ಕಂತುಗಳಲ್ಲಿ, ತನ್ನ ಪರಿಚಯದವರಿಗೇ ಮಾರಲು ಕುರೋಡ ಹೊರಟಿದ್ದಾನೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದೇಶವೆಲ್ಲ ಕೋಲಾಹಲ. ಮಾರಾಟ ನಿಂತಿತು, ಮಂತ್ರಿಮಂಡಲ ಅಲ್ಲಾಡಿತು, ಜನರ ಕೋಪವನ್ನು ತಣಿಸಲು ೧೮೯೦ಕ್ಕೆ ಪಾರ್ಲಿಮೆಂಟನ್ನು ತೆರೆಯುವುದಾಗಿ ಚಕ್ರವರ್ತಿಯ ಹೆಸರಿನಲ್ಲಿ ವಚನ ಹೊರಟಿತು. ೧೮೮೨ರ ಫೆಬ್ರವರಿಯಲ್ಲಿ ಕೈತಾಕುಶಿ ರದ್ದಾಯಿತು. ಅದರ ಸ್ಥಾನದಲ್ಲಿ ಹಾಕೊದಾತೆ, ಸಪ್ಪೊರೊ, ನೆಮುರೊ ಎಂಬ ಮೂರು ಹೊಸ ಆಡಳಿತ ವಿಭಾಗಗಳು ಬಂದುವು. ಹಳೆಯ ಹನ್ನೊಂದು ಪ್ರಾಂತಗಳ ಕೆಲಸ ಅಲ್ಲಿಗೆ ಮುಗಿಯಿತು. ಚಿಶಿಮಾ ನೆಮುರೊ ವಿಭಾಗದಲ್ಲಿ ಕರಗಿತು. ಅದರ ಹೆಸರು ದಾಖಲೆಪತ್ರಗಳಲ್ಲಿ, ಭೂಪಟಗಳಲ್ಲಿ, ಜನರ ಬಾಯಲ್ಲಿ ಮಾತ್ರ ಉಳಿಯಿತು.

ಶಿಕೋತಾನಿಗೆ ಒಯ್ದವರು

ಇನ್ನು ಶುಮುಶುವಿನ ಐನುಗಳ ಮಾತು. ೧೮೭೫ರ ಒಪ್ಪಂದದ ಪುರವಣಿಯಲ್ಲಿ, ಈ ದ್ವೀಪಗಳ ಮೂಲನಿವಾಸಿಗಳು ಮೂರು ವರ್ಷಗಳೊಳಗೆ ನಿರ್ಧಾರ ಮಾಡಬೇಕು, ರಷ್ಯದ ಪ್ರಜೆಗಳಾಗಿರಬೇಕಾದರೆ ನೆಲ ಬಿಡಬೇಕು, ನೆಲ ಬೇಕಾದರೆ ಜಪಾನಿನ ಪ್ರಜೆಗಳಾಗಬೇಕು ಎಂದು ಬರೆದಿತ್ತು. ಅವರಿಗೆ ಕೇಳಿದ ಪ್ರಶ್ನೆ ಇದೊಂದೇ. ಕೆಲವರು ಕಂಚಾಟ್ಕಕ್ಕೆ ಹೊರಟುಹೋದರು. ಹೆಚ್ಚಿನವರು ತಾತಮುತ್ತಾತಂದಿರ ನೆಲವನ್ನು ಬಿಡಲಾರದೆ ಉಳಿದರು. ನೆಲಕ್ಕಾಗಿ ಪ್ರಜಾತ್ವವನ್ನು ಬದಲಿಸಿಕೊಂಡವರಿಗೆ ಆ ನೆಲವಾದರೂ ಉಳಿಯಿತೆ?

ಉಳಿಯಲಿಲ್ಲ. ಇವರು ರಷ್ಯನ್ ಹೆಸರಿನವರು, ರಷ್ಯದ ಮತದವರು. ಗಡಿಯ ತುದಿಯಲ್ಲಿದ್ದರೆ ಯಾರಿಗೆ ನಿಷ್ಠರಾಗಿರುವರೋ ಎಂದು ಅಧಿಕಾರಿಗಳಿಗೆ ಸಂಶಯ. ಅಷ್ಟು ದೂರಕ್ಕೆ ಹಡಗಿನಲ್ಲಿ ಸಾಮಾನು ಸಾಗಿಸುವ ಖರ್ಚು ಬೇರೆ. ೧೮೮೪ರ ಬೇಸಗೆಯಲ್ಲಿ ಸರಕಾರದ ಹಡಗು ಶುಮುಶುವಿಗೆ ಹೋಗಿ, ಅಲ್ಲಿದ್ದ ೯೭ ಮಂದಿಯನ್ನು ಹತ್ತಿಸಿಕೊಂಡು, ಸುಮಾರು ೬೫೦ ಮೈಲಿ ದಕ್ಷಿಣದ ಶಿಕೋತಾನ್ ದ್ವೀಪಕ್ಕೆ ತಂದು ಇಳಿಸಿತು. ಶಿಕೋತಾನ್ ಎಂದರೆ ಐನು ಭಾಷೆಯಲ್ಲಿ ದೊಡ್ಡ ಊರು.

ಕಡಲಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಬೇಟೆಯ ಹಿಂದೆ ಅಲೆಯುತ್ತಿದ್ದವರಿಗೆ ಗುದ್ದಲಿ ಕೊಟ್ಟು ಹೊಲ ಅಗೆಯಿರಿ ಎಂದರು. ಕುರಿ ದನ ಕೊಟ್ಟು ಸಾಕಿರಿ ಎಂದರು. ಸೀಲಿನ ಮಾಂಸ ಕೊಬ್ಬುಗಳಿಂದ ಮೈಗಟ್ಟಿ ಮಾಡಿಕೊಂಡಿದ್ದವರಿಗೆ ಹೊಸ ಆಹಾರ ಒಗ್ಗಲಿಲ್ಲ. ಹೊಸ ರೋಗಗಳು ಹಿಡಿದುವು. ಬಂದ ಮೊದಲ ಕೆಲವು ವರ್ಷಗಳಲ್ಲೇ ಸಾವಿನ ಮೇಲೆ ಸಾವು. ಮತ್ತೆ ಉತ್ತರಕ್ಕೆ ಕಳುಹಿಸಿರೆಂದು ಹಂಬಲಿಸಿದರು. ತಮ್ಮ ಪ್ರಾರ್ಥನಾಮಂದಿರವನ್ನೂ ಹೆಸರುಗಳನ್ನೂ ಮಾತ್ರ ಬಿಡದೆ ಹಿಡಿದುಕೊಂಡರು.

ಇಲ್ಲಿ ದಾಖಲೆಪತ್ರದ ಒಂದು ವಿನೋದವಿದೆ, ನಗು ಬಾರದ ವಿನೋದ. ಶಿಕೋತಾನ್ ಮೊದಲಿನಿಂದ ಚಿಶಿಮಾಕ್ಕೆ ಸೇರಿದ್ದಲ್ಲ. ನೆಮುರೊ ಪ್ರಾಂತದ ಲೆಕ್ಕದಲ್ಲಿತ್ತು. ಅವರನ್ನು ತಂದಿಳಿಸಿದ ಮರುವರ್ಷ, ೧೮೮೫ರಲ್ಲಿ, ಆ ದ್ವೀಪವನ್ನು ಹೊಸ ಜಿಲ್ಲೆಯೆಂದು ಮಾಡಿ ಚಿಶಿಮಾದ ಹೆಸರಿಗೆ ವರ್ಗಾಯಿಸಿದರು. ಅಳಿದ ಪ್ರಾಂತಕ್ಕೆ ಹೀಗೆ ಮರಣಾನಂತರ ಒಂದು ದ್ವೀಪ ಲಭಿಸಿತು. ಕಾಗದದ ಪ್ರಕಾರ ಶುಮುಶುವಿನ ಐನುಗಳು ತಮ್ಮ ಚಿಶಿಮಾವನ್ನು ಬಿಟ್ಟೇ ಇರಲಿಲ್ಲ!

೧೮೯೯ರಲ್ಲಿ ತೊರಿಯಿ ರ್ಯೂಜೊ ಎಂಬ ಯುವ ವಿದ್ವಾಂಸ ಶಿಕೋತಾನಿಗೆ ಬಂದಾಗ ಅಲ್ಲಿ ಉಳಿದಿದ್ದವರು ೬೦ರ ಆಸುಪಾಸು. ಅವರ ಮಾತುಗಳನ್ನು ಬರೆದುಕೊಂಡು, ಅವರ ಚಿತ್ರಗಳನ್ನು ತೆಗೆದುಕೊಂಡು ಹೋದ ಅವನು ಒಂದು ಮುಖ್ಯ ಸಂಗತಿಯನ್ನು ಕಂಡುಕೊಂಡ. ಜಪಾನಿನ ಶಿಲಾಯುಗದ ಮಡಕೆಗಳನ್ನು ಮಾಡಿದವರು, ನೆಲದಲ್ಲಿ ಗುಳಿ ತೋಡಿ ಮನೆ ಕಟ್ಟಿದವರು ಐನುಗಳಿಗೂ ಹಿಂದಿನ ಬೇರೊಂದು ಕುಳ್ಳ ಜನಾಂಗವೆಂದು ಅವನ ಗುರು ತ್ಸುಬೋಯಿ ಹೇಳುತ್ತಿದ್ದ. ಏಕೆಂದರೆ ಹೊಕ್ಕೈಡೊವಿನ ಐನುಗಳಲ್ಲಿ ಇವೆರಡೂ ಆಗ ಇರಲಿಲ್ಲ. ಆದರೆ ಚಿಶಿಮಾದ ಐನುಗಳು ಈಚಿನವರೆಗೂ ಮಡಕೆ ಮಾಡುತ್ತಿದ್ದರು, ಗುಳಿಮನೆಗಳಲ್ಲಿ ಬಾಳುತ್ತಿದ್ದರು. ಗುರುವಿನ ಸಿದ್ಧಾಂತ ಬಿದ್ದುಹೋಯಿತು. ಜಪಾನಿನ ಪ್ರಾಚೀನ ಚರಿತ್ರೆಗೆ ಬೆಳಕು ಕೊಟ್ಟ ಜನ ತಾವು ಮಾತ್ರ ಕತ್ತಲೆಗೆ ಸರಿಯುತ್ತಿದ್ದರು. ಅವರ ಮಾತು ಇಂದು ಯಾರ ನಾಲಗೆಯ ಮೇಲೂ ಇಲ್ಲ; ಬೇರೆಯೇ ಒಂದು ಜನಾಂಗವಾಗಿ ಅವರು ಉಳಿದಿಲ್ಲ.

ಹೆಸರಿನ ವ್ಯಾಜ್ಯ

ಆಮೇಲಿನ ಅರವತ್ತು ವರ್ಷಗಳಲ್ಲಿ ದಕ್ಷಿಣದ ದ್ವೀಪಗಳಲ್ಲಿ ಜಪಾನೀ ಬೆಸ್ತರ ಊರುಗಳು ಬೆಳೆದುವು. ಶಾಲೆ, ಅಂಚೆಕಚೇರಿ, ಏಡಿಯ ಮಾಂಸವನ್ನು ಡಬ್ಬಿಯಲ್ಲಿ ತುಂಬುವ ಕಾರ್ಖಾನೆ, ಎಲ್ಲ ಬಂದುವು. ೧೯೪೧ರ ನವೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಬೀಳಲು ಹೊರಟ ನೌಕಾಪಡೆ ಗುಟ್ಟಾಗಿ ಕೂಡಿದ್ದು ಎತೊರೊಫುವಿನ ಹಿತೊಕಾಪ್ಪು ಕೊಲ್ಲಿಯಲ್ಲಿ. ಹೀಗೆ ಯುದ್ಧ ಹೊರಟ ದಾರಿಯಲ್ಲೇ ಅದರ ಫಲವೂ ಬಂದಿತು. ೧೯೪೫ರ ಆಗಸ್ಟ್ ೧೮ರಂದು ಸೋವಿಯೆತ್ ಸೈನ್ಯ ಶುಮುಶುವಿನಲ್ಲಿ ಇಳಿಯಿತು. ಸೆಪ್ಟೆಂಬರ್ ಮೊದಲ ವಾರದೊಳಗೆ ಎಲ್ಲ ದ್ವೀಪಗಳೂ ಅದರ ವಶವಾದುವು. ಕುನಾಶಿರಿ, ಎತೊರೊಫು, ಶಿಕೋತಾನ್, ಹಬೊಮಾಯಿಗಳಲ್ಲಿ ಆಗ ೧೭,೨೯೧ ಜಪಾನೀ ನಿವಾಸಿಗಳಿದ್ದರು. ಸುಮಾರು ಅರ್ಧದಷ್ಟು ಜನ ರಾತ್ರೋರಾತ್ರಿ ದೋಣಿಗಳಲ್ಲಿ ಹೊಕ್ಕೈಡೊವಿಗೆ ಪಾರಾದರು. ಉಳಿದವರನ್ನು ೧೯೪೭ರಿಂದ ೧೯೪೯ರೊಳಗೆ ಸಖಾಲಿನ್ ಮಾರ್ಗವಾಗಿ ಹೊರಗೆ ಕಳುಹಿಸಿದರು. ಹಿಂದೆ ಐನುಗಳು ಹಡಗು ಹತ್ತಿದಂತೆ ಈಗ ಜಪಾನೀಯರು ಹತ್ತಿದರು. ಶಿಕೋತಾನಿನಲ್ಲಿ ಉಳಿದಿದ್ದ ಕೆಲವೇ ಐನುಗಳೂ ಇವರೊಡನೆಯೇ ಹೊರಬಿದ್ದರು.

೧೯೫೧ರ ಸಾನ್‌ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದಲ್ಲಿ ಜಪಾನ್ ಕುರಿಲ್ ದ್ವೀಪಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. ಆದರೆ ಯಾವ ಯಾವ ದ್ವೀಪಗಳೆಂದು ಅದರಲ್ಲಿ ಹೆಸರಿಸಲಿಲ್ಲ. ಸೋವಿಯೆತ್ ಒಕ್ಕೂಟ ಅದಕ್ಕೆ ಸಹಿ ಹಾಕಲಿಲ್ಲ. (ನಮ್ಮ ಭಾರತವೂ ಆ ಸಮ್ಮೇಳನಕ್ಕೆ ಹೋಗದೆ, ೧೯೫೨ರ ಜೂನ್ ೯ರಂದು ಜಪಾನಿನೊಡನೆ ಬೇರೆಯಾಗಿಯೇ ಶಾಂತಿ ಒಪ್ಪಂದ ಮಾಡಿಕೊಂಡಿತು.) ವ್ಯಾಜ್ಯ ಹುಟ್ಟಿದ್ದು ಇಲ್ಲಿ. ಚಿಶಿಮಾ ಎಂದರೆ ಯಾವುದು? ೧೯೫೧ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯ ಅಧಿಕಾರಿಯೇ ತಮ್ಮ ಪಾರ್ಲಿಮೆಂಟಿನಲ್ಲಿ, ಉತ್ತರ ದಕ್ಷಿಣ ಎರಡೂ ಚಿಶಿಮಾಗಳು ಅದರಲ್ಲಿ ಸೇರುತ್ತವೆ ಎಂದು ಹೇಳಿದ್ದ. ೧೯೫೬ರಲ್ಲಿ ಸರಕಾರ ಆ ಮಾತನ್ನು ತಿದ್ದಿ, ಕುನಾಶಿರಿಯೂ ಎತೊರೊಫುವೂ ನಾವು ಬಿಟ್ಟುಕೊಟ್ಟ ಚಿಶಿಮಾಕ್ಕೆ ಸೇರಿಲ್ಲವೆಂದಿತು. ೧೮೫೫ರ ಗಡಿಯೂ, ೧೮೭೫ರಲ್ಲಿ ಎಣಿಸಿದ ೧೮ ದ್ವೀಪಗಳೂ ಅದರ ಆಧಾರ. ಈ ಎರಡು ದ್ವೀಪಗಳು ಎಂದೂ ರಷ್ಯದ್ದಾಗಿರ‍ಲಿಲ್ಲವೆಂಬುದು ಅದರ ವಾದ. ರಷ್ಯದ ವಾದ ಬೇರೆ: ಇಡೀ ಸಾಲು ಒಂದೇ, ಯುದ್ಧದ ಫಲವನ್ನು ಮತ್ತೆ ತೂಗುವಂತಿಲ್ಲ.

ನೆನಪಿನಲ್ಲಿಡಿ ಎಂದು ಹಿಂದೆ ಹೇಳಿದ ಮಾತು ಈಗ ಬಂದಿತು. ೧೮೬೯ರಲ್ಲಿ ಮೊದಲ ಸಲ ಚಿಶಿಮಾ ಎಂಬ ಪ್ರಾಂತ ಹುಟ್ಟಿದಾಗ ಅದರಲ್ಲಿದ್ದುದು ಈ ಎರಡು ದ್ವೀಪಗಳು ಮಾತ್ರ! ಯಾವುದನ್ನು ಚಿಶಿಮಾ ಅಲ್ಲವೆಂದು ಇಂದು ವಾದಿಸಬೇಕಾಗಿದೆಯೋ ಅದೇ ಅಂದು ಚಿಶಿಮಾ ಆಗಿತ್ತು. ಇದರಿಂದ ಯಾರ ಹಕ್ಕೂ ತೀರ್ಮಾನವಾಗುವುದಿಲ್ಲ. ಆಡಳಿತದ ವಿಭಾಗ ಬೇರೆ, ಒಪ್ಪಂದದ ಅರ್ಥ ಬೇರೆ. ಆದರೆ ಕಚೇರಿಯ ಅನುಕೂಲಕ್ಕೆಂದು ಒಂದು ದಿನ ಇಟ್ಟ ಹೆಸರು ಎಂಬತ್ತು ವರ್ಷಗಳ ಮೇಲೆ ವಕೀಲರ ಮುಂದೆ ಬಂದು ಸಾಕ್ಷಿಯಾಗಿ ನಿಲ್ಲಬಹುದೆಂಬುದು ತಿಳಿಯುತ್ತದೆ.

ಇಂದಿಗೂ ಆ ದ್ವೀಪಗಳು ರಷ್ಯದ ಸಖಾಲಿನ್ ಪ್ರಾಂತದ ಆಡಳಿತದಲ್ಲಿವೆ. ಜಪಾನಿನ ಲೆಕ್ಕದಲ್ಲಾದರೋ ಕುನಾಶಿರಿ, ಎತೊರೊಫು, ಶಿಕೋತಾನ್‌ಗಳಲ್ಲಿ ಆರು ಹಳ್ಳಿಗಳು ಕಾಗದದ ಮೇಲೆ ಇನ್ನೂ ಇವೆ. ಅಲ್ಲಿ ಪಂಚಾಯಿತಿಯಿಲ್ಲ, ಜಪಾನೀ ನಿವಾಸಿಯಿಲ್ಲ. ಆದರೂ ೧೯೮೩ರಿಂದ ಜಪಾನೀಯರು ಬಯಸಿದರೆ ತಮ್ಮ ಕುಟುಂಬದ ಮೂಲಸ್ಥಳವನ್ನು ಆ ಹಳ್ಳಿಗಳ ಹೆಸರಿಗೆ ಬರೆಯಿಸಿಕೊಳ್ಳಬಹುದು. ನೆಮುರೊ ನಗರದ ಕಚೇರಿ ಆ ದಫ್ತರವನ್ನು ನೋಡಿಕೊಳ್ಳುತ್ತದೆ. ೧೯೬೪ರಿಂದ ಹಿರಿಯರ ಸಮಾಧಿಗಳಿಗೆ ಹೋಗಿಬರುವ ಏರ್ಪಾಡು ಆಗಾಗ ನಡೆಯುತ್ತಿತ್ತು. ೧೯೯೨ರಿಂದ ವೀಸಾ ಇಲ್ಲದೆ ಎರಡೂ ಕಡೆಯವರು ಪರಸ್ಪರ ಭೇಟಿ ಮಾಡುವ ಅವಕಾಶವೂ ಇತ್ತು. ೨೦೨೨ರಲ್ಲಿ ರಷ್ಯ ಆ ಏರ್ಪಾಡನ್ನು ಕೊನೆಗೊಳಿಸಿತು. ದ್ವೀಪಗಳಲ್ಲಿ ಹುಟ್ಟಿದವರಲ್ಲಿ ಇಂದು ಬದುಕಿರುವವರು ಮುಪ್ಪಿನ ಮುಪ್ಪಿನಲ್ಲಿದ್ದಾರೆ. ಹೊಕ್ಕೈಡೊವಿನ ದಡದಲ್ಲಿ ನಿಂತರೆ, ಆಕಾಶ ತಿಳಿಯಾಗಿದ್ದ ದಿನ, ಹತ್ತು ಮೈಲಿಯಾಚೆ ಕುನಾಶಿರಿಯ ಬೆಟ್ಟಗಳು ಅವರ ಕಣ್ಣಿಗೆ ಕಾಣುತ್ತವೆ.

ಜಪಾನಿನ ಪಾರ್ಲಿಮೆಂಟು ೨೦೦೮ರಲ್ಲಿ ಐನುಗಳನ್ನು ಮೂಲನಿವಾಸಿಗಳೆಂದು ಒಪ್ಪಿ ನಿರ್ಣಯ ಮಾಡಿತು. ೨೦೧೯ರಲ್ಲಿ ಅದನ್ನು ಕಾನೂನಿನಲ್ಲಿಯೂ ಬರೆಯಿತು. ಹೊಕ್ಕೈಡೊವಿನ ಐನುಗಳು ತಮ್ಮ ಮಾತನ್ನೂ ಹಾಡನ್ನೂ ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಶುಮುಶುವಿನಿಂದ ಶಿಕೋತಾನಿಗೆ ಬಂದಿಳಿದ ಆ ೯೭ ಮಂದಿಯ ಮಾತನ್ನು ಕಲಿಸಲು ಯಾರೂ ಉಳಿದಿಲ್ಲ. ಎರಡು ಸರಕಾರಗಳ ಕಡತಗಳಲ್ಲಿ ಚಿಶಿಮಾದ ಗಡಿಗಳು, ಜಿಲ್ಲೆಗಳು, ಚದರಳತೆಗಳು ಎಲ್ಲ ಭದ್ರವಾಗಿವೆ. ಅವರ ಮಾತಿನಲ್ಲಿ ಉಳಿದಿರುವುದು ತೊರಿಯಿಯಂಥವರು ಬರೆದುಕೊಂಡ ಕೆಲವು ಪದಪಟ್ಟಿಗಳು, ಮತ್ತು ದ್ವೀಪಗಳ ಹೆಸರುಗಳು. ಆಳಿದವರೆಲ್ಲ ಬದಲಾದರೂ ಎತೊರೊಫು, ಕುನಾಶಿರಿ, ಶಿಕೋತಾನ್ ಎಂಬ ಆ ಹೆಸರುಗಳು ಮಾತ್ರ ಬದಲಾಗಲಿಲ್ಲ. ಜಪಾನೀಯರು ಇಂದಿಗೂ ಅವನ್ನೇ ನುಡಿಯುತ್ತಾರೆ. ರಷ್ಯದವರೂ ತಮ್ಮ ನಾಲಗೆಗೆ ಒಗ್ಗುವಂತೆ ಇತುರುಪ್, ಕುನಾಶಿರ್, ಶಿಕೋತಾನ್ ಎನ್ನುತ್ತಾರೆ. ಮಾತನಾಡಿದ ಜನ ಹೋದರೂ ಅವರ ಮಾತು ಹೀಗೆ ಎರಡು ದೇಶಗಳ ಭೂಪಟಗಳ ಮೇಲೂ ನಿಂತಿದೆ.